ಸಿಎಂಎಎ ಪರೀಕ್ಷೆಗೆ ಫ್ರಂಟ್ ಡೆಸ್ಕ್‌ನಲ್ಲಿ ಕೂತವರ ಹಾಗೆ ಓದಿ

ಪ್ರಶ್ನೆ: ಅಕ್ಕಾ, ನಾನು ಮದುವೆಯಾಗಿ ಅಮೆರಿಕಕ್ಕೆ ಬಂದವಳು. ಊರಲ್ಲಿ ಬಿ.ಕಾಂ. ಮುಗಿಸಿದ್ದೆ. ಈಗ ಕೆಲಸದ ಅನುಮತಿ ಸಿಕ್ಕಿದೆ. ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಮೆಡಿಕಲ್ ಅಡ್ಮಿನಿಸ್ಟ್ರೇಟಿವ್ ಅಸಿಸ್ಟೆಂಟ್ ಕೋರ್ಸ್ ಮಾಡಿ, ಕ್ಲಿನಿಕ್‌ನ ಆ ಕಚೇರಿ ಕೆಲಸಕ್ಕೆ ಸರ್ಟಿಫಿಕೇಟ್ ಕೊಡುವ ಸಿಎಂಎಎ ಪರೀಕ್ಷೆ ಕಟ್ಟಿದ್ದೇನೆ. ಪದಗಳನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೇನೆ. ಆದರೂ ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ಎರಡು ಉತ್ತರ ಸರಿ ಅನಿಸುತ್ತದೆ, ನಾನು ತಪ್ಪಾದದ್ದನ್ನೇ ಒತ್ತಿರುತ್ತೇನೆ. ಇನ್ಶೂರೆನ್ಸ್ ಅಂತೂ ತಲೆಗೇ ಹತ್ತುತ್ತಿಲ್ಲ. ಹೇಗೆ ಓದಲಿ?
- ಹೆಸರು ಬೇಡ ಎಂದ ಓದುಗರು, ಟೆಕ್ಸಸ್

ಉತ್ತರ: ಬಾಯಿಪಾಠ ಬಿಡಬೇಡಿ, ಆದರೆ ಅದಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು. ಈ ಪರೀಕ್ಷೆಯಲ್ಲಿ 'ಇದರ ಅರ್ಥ ಏನು' ಅನ್ನುವುದಕ್ಕಿಂತ 'ಈಗ ಮೊದಲು ಏನು ಮಾಡುತ್ತೀರಿ' ಅನ್ನುವ ಪ್ರಶ್ನೆಗಳೇ ಜನರನ್ನು ಕೆಡವುವುದು. ನಾನು ಫ್ಯಾಮಿಲಿ ಕ್ಲಿನಿಕ್ ಒಂದರ ಫ್ರಂಟ್ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತವಳು, ಈಗ ಅದನ್ನೇ ಕಲಿಸುತ್ತೇನೆ. ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಒಬ್ಬ ಪೇಷೆಂಟ್ ಫೋನ್ ಮಾಡಿದ ಗಳಿಗೆಯಿಂದ ಅವರ ಬಿಲ್ ಚುಕ್ತಾ ಆಗುವವರೆಗೆ ಅವರ ಹಿಂದೆಯೇ ಹೋಗಿ. ಅಪಾಯಿಂಟ್‌ಮೆಂಟ್, ಚೆಕ್-ಇನ್, ಫೈಲು, ಕೋಡಿಂಗ್, ಕ್ಲೇಮು (ಇನ್ಶೂರೆನ್ಸ್‌ನಿಂದ ಹಣ ಕೇಳುವ ಅರ್ಜಿ), ಬಾಕಿ ವಸೂಲಿ. ಪುಸ್ತಕದ ಯಾವ ಪಾಠ ತೆಗೆದರೂ ಇದರಲ್ಲಿ ಎಲ್ಲಿ ಬರುತ್ತದೆ ಅಂತ ಕೇಳಿಕೊಳ್ಳಿ.

ಎರಡು ಉತ್ತರ ಸರಿ ಅನಿಸುವುದಕ್ಕೂ ಕಾರಣ ಇದೆ. ಎರಡೂ ಡೆಸ್ಕ್‌ನವರು ಮಾಡುವ ಕೆಲಸಗಳೇ ಆಗಿರುತ್ತವೆ. ಯಾವುದು ಮೊದಲು ಅನ್ನುವುದೇ ಪ್ರಶ್ನೆ. ಫೋನಿನಲ್ಲಿ ಒಬ್ಬರು ಎದೆ ನೋವು, ಉಸಿರು ಕಟ್ಟುತ್ತಿದೆ ಅನ್ನುತ್ತಾರೆ ಅಂದುಕೊಳ್ಳಿ. ಡಾಕ್ಟರಿಗೆ ಸಂದೇಶ ಬರೆದಿಡುವುದು, ಇವತ್ತೇ ಸಮಯ ಕೊಡುವುದು, ಇನ್ಶೂರೆನ್ಸ್ ಕೇಳುವುದು, ತುರ್ತು ಸಹಾಯದ 911ಕ್ಕೆ ಕರೆ ಮಾಡಿಸುವುದು, ಈ ನಾಲ್ಕು ಆಯ್ಕೆ ಇರುತ್ತವೆ. ಉತ್ತರ 911. ಅವರನ್ನು ಹೋಲ್ಡ್‌ನಲ್ಲಿ ಹಾಕುವ ಆಯ್ಕೆ ಎಲ್ಲಿ ಕಂಡರೂ ಅದು ತಪ್ಪು. ಮೊದಲು ಪೇಷೆಂಟಿನ ಜೀವ, ಆಮೇಲೆ ಅವರ ಗುಟ್ಟು, ಆಮೇಲೆ ಕಾಗದ ಪತ್ರ, ಕೊನೆಗೆ ದುಡ್ಡು. ಗೊಂದಲವಾದಾಗೆಲ್ಲ ಈ ಕ್ರಮದಲ್ಲಿ ಯೋಚಿಸಿ.

ಗುಟ್ಟು ಅಂದರೆ ಹಿಪಾ, ಪೇಷೆಂಟಿನ ಮಾಹಿತಿಯನ್ನು ಕಾಪಾಡುವ 1996ರ ಕಾನೂನು. ಇಲ್ಲಿ ಅತಿ ಭಯಪಟ್ಟೂ ತಪ್ಪು ಉತ್ತರ ಒತ್ತುವವರಿದ್ದಾರೆ. ವೇಟಿಂಗ್ ರೂಮಿನಲ್ಲಿ ಹೆಸರು ಹಿಡಿದು ಕೂಗಬಹುದು. ಬಂದವರು ಸಹಿ ಮಾಡುವ ಹಾಳೆಯನ್ನೂ ಇಡಬಹುದು. ಆದರೆ ಆ ಹಾಳೆಯಲ್ಲಿ 'ಯಾಕೆ ಬಂದಿರಿ' ಅನ್ನುವ ಕಾಲಂ ಇರಬಾರದು. ಹೆಂಡತಿ ಫೋನ್ ಮಾಡಿ ಗಂಡನ ರಕ್ತ ಪರೀಕ್ಷೆಯ ರಿಸಲ್ಟ್ ಕೇಳಿದರೆ, ಗಂಡನ ಒಪ್ಪಿಗೆ ಫೈಲಿನಲ್ಲಿ ಇದೆಯೇ ಅಂತ ಮೊದಲು ನೋಡಬೇಕು. ಮನೆಯವರೇ ತಾನೇ ಅಂತ ಹೇಳಿಬಿಡುವುದು ನಮ್ಮವರಿಗೆ ಸಹಜ, ಅಲ್ವಾ? ಪರೀಕ್ಷೆಯಲ್ಲಿ ಅದಕ್ಕೇ ಹುಷಾರಾಗಿರಿ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ, ಅದಕ್ಕಿಂತ ಒಂದು ಸಾಲೂ ಜಾಸ್ತಿ ಕೊಡಬಾರದು.

ಈಗ ಇನ್ಶೂರೆನ್ಸ್. ನೀವು ಬಿ.ಕಾಂ. ಓದಿದವರು, ಇದು ನಿಮ್ಮ ಕೈಗೆ ಸಿಗುವ ವಿಷಯ, ನಂಬಿ. ವ್ಯಾಖ್ಯಾನ ಓದಬೇಡಿ, ಲೆಕ್ಕ ಮಾಡಿ. ಕ್ಲಿನಿಕ್ ಹಾಕಿದ ಬಿಲ್ 300 ಡಾಲರ್. ಆ ಸೇವೆಗೆ ಇನ್ಶೂರೆನ್ಸ್ ಒಪ್ಪುವ ಮೊತ್ತ 200. ಪೇಷೆಂಟಿನ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮೊದಲು ಅವರೇ ಕೊಡಬೇಕಾದ ಮೊತ್ತ, ಇನ್ನೂ 50 ಬಾಕಿ ಇದೆ. ಕೋ-ಇನ್ಶೂರೆನ್ಸ್ 80-20, ಅಂದರೆ ಆಮೇಲೆ ಉಳಿದದ್ದರಲ್ಲಿ ಇನ್ಶೂರೆನ್ಸ್ ಶೇ. 80, ಪೇಷೆಂಟ್ ಶೇ. 20. ಪೇಷೆಂಟ್ ಎಷ್ಟು ಕೊಡಬೇಕು? 200ರಲ್ಲಿ ಮೊದಲ 50 ಅವರದ್ದೇ. ಉಳಿದ 150ರಲ್ಲಿ ಶೇ. 20 ಅಂದರೆ 30. ಒಟ್ಟು 80. ಇನ್ಶೂರೆನ್ಸ್ ಕೊಡುವುದು 120. ಡಾಕ್ಟರು ಆ ಇನ್ಶೂರೆನ್ಸ್‌ನ ನೆಟ್‌ವರ್ಕ್‌ನಲ್ಲಿದ್ದರೆ (ಅಂದರೆ ಆ ಕಂಪನಿಯ ಜೊತೆ ಒಪ್ಪಂದವಿದ್ದರೆ) ಮಿಕ್ಕ 100 ಡಾಲರನ್ನು ಕ್ಲಿನಿಕ್ ಬಿಟ್ಟುಬಿಡಬೇಕು, ಪೇಷೆಂಟಿನ ಹತ್ತಿರ ಕೇಳುವ ಹಾಗಿಲ್ಲ. ಅಂಕಿ ಬದಲಾಯಿಸಿ ದಿನಾ ನಾಲ್ಕೈದು ಲೆಕ್ಕ ನೀವೇ ಹಾಕಿಕೊಳ್ಳಿ. ವಾರದೊಳಗೆ ಭಯ ಹೋಗುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಇದೇ ಉಪಯೋಗಕ್ಕೆ ಬರುವುದು. ಎಷ್ಟು ಬಿಲ್ ಬರುತ್ತದೋ ಅಂತ ಹೆದರಿ ನಿಂತವರಿಗೆ ಸಮಾಧಾನವಾಗಿ ಬಿಡಿಸಿ ಹೇಳಬೇಕಾದವರು ಡೆಸ್ಕ್‌ನಲ್ಲಿರುವ ನೀವೇ. ಅದನ್ನು ಚೆನ್ನಾಗಿ ಹೇಳುವುದು ಸಣ್ಣ ಉಪಕಾರವಲ್ಲ.

ಮಗುವಿಗೆ ಅಪ್ಪನ ಇನ್ಶೂರೆನ್ಸೂ ಇದೆ, ಅಮ್ಮನದ್ದೂ ಇದೆ ಅಂದರೆ ಯಾರದ್ದಕ್ಕೆ ಮೊದಲು ಕ್ಲೇಮು ಕಳಿಸಬೇಕು? ಇದಕ್ಕೆ ಬರ್ತ್‌ಡೇ ರೂಲ್ ಇದೆ. ಅಪ್ಪ ಹುಟ್ಟಿದ್ದು 1985ರ ಅಕ್ಟೋಬರ್ 12, ಅಮ್ಮ 1990ರ ಮಾರ್ಚ್ 3 ಅಂದುಕೊಳ್ಳಿ. ಯಾರು ದೊಡ್ಡವರು ಅಂತ ನೋಡಬಾರದು. ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತದೆ ಅಂತ ನೋಡಬೇಕು. ಮಾರ್ಚ್ ಮೊದಲು, ಹಾಗಾಗಿ ಅಮ್ಮನದ್ದು ಪ್ರೈಮರಿ, ಕ್ಲೇಮು ಮೊದಲು ಅದಕ್ಕೆ. ಅಪ್ಪ ಅಮ್ಮ ಬೇರೆಯಾಗಿದ್ದು ಕೋರ್ಟಿನ ಆದೇಶ ಇದ್ದರೆ ಅದೇ ನಡೆಯುತ್ತದೆ. ವಿದ್ಯಾರ್ಥಿಗಳು ಅವಸರದಲ್ಲಿ ಹುಟ್ಟಿದ ವರ್ಷ ನೋಡಿ ಜಾರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಸರ್ಕಾರದ ಇನ್ಶೂರೆನ್ಸ್‌ಗಳು. ಮೆಡಿಕೇರ್ 65 ವರ್ಷ ತುಂಬಿದವರಿಗೆ ಮತ್ತು ಕೆಲವು ಅಂಗವಿಕಲರಿಗೆ, ಮೆಡಿಕೇಡ್ ಆದಾಯ ಕಡಿಮೆ ಇರುವವರಿಗೆ. ಮೆಡಿಕೇರ್‌ನಲ್ಲಿ ಪಾರ್ಟ್ ಎ ಆಸ್ಪತ್ರೆಗೆ, ಬಿ ಡಾಕ್ಟರು ಮತ್ತು ಹೊರರೋಗಿ ಸೇವೆಗೆ, ಡಿ ಔಷಧಿಗೆ. ಸಿ ಅಂದರೆ ಖಾಸಗಿ ಕಂಪನಿಗಳ ಮೂಲಕ ಕೊಡುವ ಅಡ್ವಾಂಟೇಜ್ ಪ್ಲಾನ್. ಮೆಡಿಕೇರ್ ಹಣ ಕೊಡದೇ ಇರಬಹುದು ಅನ್ನುವ ಸೇವೆಗೆ ಮೊದಲೇ ಎಬಿಎನ್ ಫಾರ್ಮಿಗೆ (ಮೆಡಿಕೇರ್ ಕೊಡದಿದ್ದರೆ ಹಣ ನೀವೇ ಕೊಡಬೇಕಾಗಬಹುದು ಅಂತ ತಿಳಿಸುವ ನೋಟಿಸು) ಪೇಷೆಂಟಿನ ಸಹಿ ಹಾಕಿಸಬೇಕು. ಸೇವೆ ಆದ ಮೇಲೆ ಹಾಕಿಸಿದರೆ ಪ್ರಯೋಜನವಿಲ್ಲ. ಕ್ಲಿನಿಕ್‌ನ ಕ್ಲೇಮು ಸಿಎಂಎಸ್-1500 ಫಾರ್ಮಿನಲ್ಲಿ ಹೋಗುತ್ತದೆ, ಆಸ್ಪತ್ರೆಯದ್ದು ಯುಬಿ-04 ಫಾರ್ಮಿನಲ್ಲಿ. ರೋಗಕ್ಕೆ ಐಸಿಡಿ-10 ಕೋಡು, ಮಾಡಿದ ಕೆಲಸಕ್ಕೆ ಸಿಪಿಟಿ ಕೋಡು. ಇವೆರಡರ ಸಂಬಂಧ ಗೊತ್ತಿದ್ದರೆ ಸಾಕು, ಕೋಡುಗಳನ್ನು ಬಾಯಿಪಾಠ ಮಾಡುತ್ತಾ ಕೂರಬೇಡಿ.

ಅಪಾಯಿಂಟ್‌ಮೆಂಟ್ ಭಾಗ ಸುಲಭ. ಗಂಟೆಯ ಶುರುವಿಗೆ ಹಲವರನ್ನು ಒಟ್ಟಿಗೆ ಕರೆದರೆ ವೇವ್. ಒಂದೇ ಥರದ ಭೇಟಿಗಳನ್ನು ಒಂದೇ ಹೊತ್ತಿಗೆ ಇಟ್ಟರೆ ಕ್ಲಸ್ಟರ್. ಕಳೆದ 3 ವರ್ಷದಲ್ಲಿ ಆ ಡಾಕ್ಟರು, ಅಥವಾ ಅದೇ ಗುಂಪಿನ ಅದೇ ವಿಭಾಗದ ಇನ್ನೊಬ್ಬ ಡಾಕ್ಟರು ನೋಡಿರದಿದ್ದರೆ ಮಾತ್ರ ಹೊಸ ಪೇಷೆಂಟ್.

ಪರೀಕ್ಷೆಯಲ್ಲಿ 110 ಪ್ರಶ್ನೆಗೆ ಅಂಕ. ಅವುಗಳ ಜೊತೆ ಅಂಕವಿಲ್ಲದ 25 ಪ್ರಶ್ನೆ ಬೆರೆತಿರುತ್ತವೆ, ಯಾವುವು ಅಂತ ಗೊತ್ತಾಗುವುದಿಲ್ಲ. ಒಟ್ಟು 135 ಪ್ರಶ್ನೆಗೆ 2 ಗಂಟೆ 15 ನಿಮಿಷ, ಅಂದರೆ ಪ್ರಶ್ನೆಗೆ ಒಂದು ನಿಮಿಷ. ಎಲ್ಲೂ ಕೇಳಿರದ ಪ್ರಶ್ನೆ ಬಂದರೆ ಧೈರ್ಯಗೆಡಬೇಡಿ, ಅದು ಆ 25ರಲ್ಲಿ ಒಂದಿರಬಹುದು. ಒಂದನ್ನು ಒತ್ತಿ, ಗುರುತು ಹಾಕಿ, ಮುಂದೆ ಹೋಗಿ. ಪಾಸಾಗಲು 500ಕ್ಕೆ 390 ಬೇಕು. ಆದರೆ ಇದು ಸ್ಕೇಲ್ ಮಾಡಿದ ಅಂಕ, ಅಂದರೆ ಸರಿ ಉತ್ತರಗಳ ನೇರ ಎಣಿಕೆಯಲ್ಲ, ಶೇಕಡಾ ಲೆಕ್ಕ ಹಾಕಿ ಗಾಬರಿಯಾಗಬೇಡಿ. ಕೊನೆಯ ಎರಡು ವಾರ ಗಡಿಯಾರ ಇಟ್ಟುಕೊಂಡು ಪೂರ್ತಿ ಟೆಸ್ಟ್ ಬರೆಯಿರಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ, ವಿಷಯ ಗೊತ್ತಿರಲಿಲ್ಲವೋ, ಕ್ರಮ ತಪ್ಪಿತೋ, ಪ್ರಶ್ನೆ ಓದಿದ್ದೇ ತಪ್ಪೋ ಅಂತ ಬರೆದುಕೊಳ್ಳಿ. ನಿಮ್ಮ ಕಾಗದ ನೋಡಿದರೆ ನಿಮಗೆ ಕ್ರಮವೇ ಜಾಸ್ತಿ ತಪ್ಪುತ್ತಿದೆ ಅನಿಸುತ್ತದೆ.

ಪ್ರಶ್ನೆ: ಸಿಎಂಎಎ, ಸಿಸಿಎಂಎ (ಕ್ಲಿನಿಕಲ್ ಮೆಡಿಕಲ್ ಅಸಿಸ್ಟೆಂಟ್), ಸಿಪಿಸಿ (ಮೆಡಿಕಲ್ ಕೋಡಿಂಗ್), ಈ ಸರ್ಟಿಫಿಕೇಟುಗಳಲ್ಲಿ ಯಾವುದು ಮಾಡಿದರೆ ಒಳ್ಳೆಯದು? ನನಗೆ ರಕ್ತ ನೋಡಿದರೆ ತಲೆ ತಿರುಗುತ್ತದೆ.
- ಇನ್ನೊಬ್ಬ ಓದುಗರು, ನ್ಯೂಜೆರ್ಸಿ

ಉತ್ತರ: ಹಾಗಿದ್ದರೆ ಸಿಸಿಎಂಎ ಬೇಡ. ಅದರಲ್ಲಿ ರಕ್ತ ತೆಗೆಯುವುದು, ಇಸಿಜಿ ಮಾಡುವುದು ಎಲ್ಲ ಇರುತ್ತದೆ. ಜನರ ಜೊತೆ ಮಾತಾಡಿಕೊಂಡು ಇರುವುದು ಇಷ್ಟವಾದರೆ ಸಿಎಂಎಎ. ಒಬ್ಬರೇ ಕೂತು ಫೈಲು ಓದಿ ಕೋಡು ಹಾಕುವುದು ಇಷ್ಟವಾದರೆ ಸಿಪಿಸಿ, ಅದರ ಓದು ಇನ್ನೂ ಕಷ್ಟ. ಸಿಎಂಎಎಗೆ ಹೈಸ್ಕೂಲ್ ಮುಗಿದಿರಬೇಕು, ಜೊತೆಗೆ ಕೋರ್ಸು ಅಥವಾ ಕೆಲಸದ ಅನುಭವ ಬೇಕು. ಪಾಸಾದ ಮೇಲೆ 2 ವರ್ಷಕ್ಕೊಮ್ಮೆ ಮುಂದುವರಿದ ಕಲಿಕೆಯ 10 ಕ್ರೆಡಿಟ್ ಓದಿ ಸರ್ಟಿಫಿಕೇಟನ್ನು ನವೀಕರಿಸಬೇಕು. ದುಡ್ಡು ಕಟ್ಟುವ ಮುಂಚೆ ನಿಮ್ಮ ಸುತ್ತಮುತ್ತಲಿನ ಕ್ಲಿನಿಕ್‌ಗಳ ಕೆಲಸದ ಜಾಹೀರಾತುಗಳನ್ನು ಒಂದಷ್ಟು ಓದಿ, ಅವರು ಯಾವ ಸರ್ಟಿಫಿಕೇಟ್ ಕೇಳುತ್ತಿದ್ದಾರೆ ಅಂತ ಬರೆದುಕೊಳ್ಳಿ.