ಶುಂಠಿ ಎಣ್ಣೆ ಮೂಸಿದ ಗಂಡುನೊಣಕ್ಕೆ ಹೆಣ್ಣು ಒಲಿಯುತ್ತದೆ ಅನ್ನೋದು ನಿಜವಾ?

ನಿಜ. ಆದರೆ ಅದನ್ನು ತಂದು ಮಾವಿನ ತೋಟಕ್ಕೆ ಚಿಮುಕಿಸಬಹುದಾ ಅಂತ ಕೇಳಿದ್ದೀರಲ್ಲ, ಅದು ಮಾತ್ರ ಬೇಡ. ನಮ್ಮದೂ ಶ್ರೀನಿವಾಸಪುರದ ಕಡೆ ಮಾವಿನ ತೋಟ. ಪ್ರತಿ ಬೇಸಿಗೆ ಊಜಿ ನೊಣದ (ಮಾವಿನ ಕಾಯೊಳಗೆ ಮೊಟ್ಟೆಯಿಟ್ಟು ಹುಳ ಮಾಡುವ ಹಣ್ಣುನೊಣ) ಜೊತೆ ಗುದ್ದಾಟ ಇದ್ದದ್ದೇ, ಹಾಗಾಗಿ ಈ ವಿಷಯ ಒಂದಿಷ್ಟು ಓದಿಕೊಂಡಿದ್ದೇನೆ.

ಶುಂಠಿ ಎಣ್ಣೆಯ ಕಥೆ ನಮ್ಮ ಊಜಿಯದಲ್ಲ, ಮೆಡ್‌ಫ್ಲೈ ಅನ್ನುವ ಇನ್ನೊಂದು ಹಣ್ಣುನೊಣದ್ದು. ಅದು ಭಾರತದಲ್ಲಿಲ್ಲ. ಗ್ವಾಟೆಮಾಲಾದ ಎಲ್ ಪಿನೋದಲ್ಲಿ ಅದನ್ನು ಸಾಕುವುದಕ್ಕೇ ದೊಡ್ಡ ಕಾರ್ಖಾನೆಯಿದೆ. ಮೊಟ್ಟೆಗೆ ಬಿಸಿ ತಾಗಿಸಿದರೆ ಹೆಣ್ಣೆಲ್ಲ ಸತ್ತು ಗಂಡು ಮಾತ್ರ ಉಳಿಯುವಂಥ ತಳಿ. ರೆಕ್ಕೆ ಬರುವ ಮುಂಚೆ ಕೋಶದೊಳಗೆ (ಪ್ಯೂಪಾ) ಇರುವಾಗಲೇ ವಿಕಿರಣ ಹಾಯಿಸಿ ಬರಡು ಮಾಡುತ್ತಾರೆ. ಲಾಸ್ ಏಂಜಲೀಸ್ ಸುತ್ತಮುತ್ತ 1996ರಿಂದ ಇಂಥ ಬರಡು ಗಂಡುಗಳನ್ನು ವಿಮಾನದಿಂದ ಬಿಡುತ್ತಿದ್ದಾರೆ. ಇವುಗಳ ಜೊತೆ ಕೂಡಿದ ಕಾಡುಹೆಣ್ಣಿನ ಮೊಟ್ಟೆ ಒಡೆದು ಮರಿಯಾಗುವುದಿಲ್ಲ, ನೊಣದ ಸಂತತಿ ಕುಗ್ಗುತ್ತದೆ.

ಸಮಸ್ಯೆ ಏನಪ್ಪಾ ಅಂದರೆ ಹೆಣ್ಣು ಒಪ್ಪಬೇಕಲ್ಲ! ಮರದಲ್ಲಿ ನಾಲ್ಕಾರು ಗಂಡು ಒಂದೊಂದು ಎಲೆಯಡಿ ಜಾಗ ಹಿಡಿದು, ಹೊಟ್ಟೆಯ ತುದಿಯಲ್ಲಿ ಗುಳ್ಳೆ ಉಬ್ಬಿಸಿ ವಾಸನೆ ಬಿಡುತ್ತವೆ. ಹೆಣ್ಣು ಹತ್ತಿರ ಬಂತೋ, ಗಂಡು ರೆಕ್ಕೆ ಝೇಂಕರಿಸಿ ತಲೆ ಅಲ್ಲಾಡಿಸುತ್ತದೆ. ಬಹಳ ಸಲ ಹೆಣ್ಣು ನೋಡಿ ಹಾರಿಹೋಗುತ್ತದೆ. ಕಿಕ್ಕಿರಿದ ಪಂಜರದಲ್ಲಿ ಬೆಳೆದ ಗಂಡಿಗೆ ಈ ಓಲೈಕೆಯ ತಾಳ್ಮೆ ಎಲ್ಲಿಂದ ಬರಬೇಕು?

ಹವಾಯಿಯ ಟಾಡ್ ಶೆಲ್ಲಿ ಅನ್ನುವ ಕೀಟತಜ್ಞರು 2001ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಶುಂಠಿ ಎಣ್ಣೆಯಲ್ಲಿ ಆಲ್ಫಾ-ಕೊಪೀನ್ ಅನ್ನುವ ಅಂಶವಿದೆ. ಬಿಡುವ ಮುಂಚೆ ಅದರ ವಾಸನೆ ಸೋಕಿಸಿದ ಗಂಡಿಗೆ ಹೆಣ್ಣು ಸಿಗುವುದು ಹೆಚ್ಚಾಯಿತು. ನೆಕ್ಕಬೇಕಾಗಿಯೂ ಇಲ್ಲ, ಬರೀ ವಾಸನೆ ಸಾಕು. ಈಗ ಬಿಡುಗಡೆ ಕೇಂದ್ರಗಳಲ್ಲಿ ಇದು ಮಾಮೂಲು ಕೆಲಸ.

ನಮ್ಮ ಊಜಿ ಹಾಗಲ್ಲ, ತಿನ್ನಲೇಬೇಕು. ತುಳಸಿ ಎಲೆ ಜಜ್ಜಿ ಮಾವಿನ ಬುಡದಲ್ಲಿಟ್ಟು ನೋಡಿ. ಕಣಜದ ಮರಿಯಂಥ ನೊಣಗಳು ಬಂದು ಎಲೆಗೆ ಬಾಯಿ ಒತ್ತಿಕೊಂಡು ಕೂರುತ್ತವೆ, ಓಡಿಸಿದರೂ ಮತ್ತೆ ಬರುತ್ತವೆ. ಬರುವುದೆಲ್ಲ ಗಂಡೇ. ತುಳಸಿಯಲ್ಲಿರುವ ಮೀಥೈಲ್ ಯೂಜಿನಾಲ್ ಅವುಗಳ ಹೊಟ್ಟೆ ಸೇರಿ, ಹೆಣ್ಣನ್ನು ಕರೆಯುವ ವಾಸನೆಯಾಗಿ ಬದಲಾಗುತ್ತದೆ. ಮುಸ್ಸಂಜೆಗೆ ರೆಕ್ಕೆ ಬೀಸಿ ಅದನ್ನೇ ಹರಡುವುದು.

ಗಂಡುನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯಲು ನಾವು ಕಟ್ಟುವ ಮೋಹಕ ಬಲೆಗೆ ಹಾಕುವುದೂ ಇದೇ ಮೀಥೈಲ್ ಯೂಜಿನಾಲ್. ನನಗೆ ತುಂಬಾ ಹಿಡಿಸಿದ ಸಂಗತಿ ಇಲ್ಲಿದೆ: ಒಮ್ಮೆ ಹೊಟ್ಟೆತುಂಬ ಇದನ್ನು ತಿಂದ ಗಂಡು ಆಮೇಲೆ ಬಲೆಯ ಕಡೆ ಅಷ್ಟಾಗಿ ಸುಳಿಯುವುದಿಲ್ಲ. ಅಂದರೆ ಬರಡು ಗಂಡುಗಳಿಗೆ ಮೊದಲೇ ಉಣಿಸಿ ಬಿಟ್ಟರೆ ಬಲೆಗೆ ಹೆಚ್ಚಾಗಿ ಬೀಳುವುದು ಕಾಡುಗಂಡುಗಳು, ಹೆಣ್ಣು ಸಿಗುವುದು ಬರಡರಿಗೆ.

ನಮ್ಮ ತೋಟಗಳಿಗೆ ಬರಡು ಗಂಡು ತಂದು ಬಿಡುವವರಿಲ್ಲ. ಇರುವ ಗಂಡುಗಳಿಗೇ ಸೆಂಟು ಹಚ್ಚಿ ನಮಗೇನು ಲಾಭ? ಬಲೆ ಕಟ್ಟಿ, ಬಿದ್ದ ಹಣ್ಣು ದಿನಾ ಆರಿಸಿ ಹೂಳಿ. ಎರಡನೆಯದನ್ನು ಪಕ್ಕದ ತೋಟದವರೂ ಮಾಡುವಂತೆ ಒಪ್ಪಿಸಿ, ಕಷ್ಟ ಇರುವುದೇ ಅಲ್ಲಿ.