ಪಠ್ಯ ಅಚ್ಚಾದ ಮೇಲೆ ಕಲ್ಲೇಕೆ?

ಶಾಸನಗಳ ಪಾಠವೆಲ್ಲ ಸಂಪುಟಗಳಲ್ಲಿ ಅಚ್ಚಾಗಿರುವಾಗ ಮ್ಯೂಸಿಯಂಗಳು ಆ ಕಲ್ಲುಗಳನ್ನು ಏಕೆ ಕಾಯುತ್ತಾ ಕೂರಬೇಕು ಎಂದು ಕೇಳಿದ್ದೀರಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನವನ್ನೇ ನೋಡಿ. ಮದ್ದೂರು ತಾಲ್ಲೂಕಿನ ಈ ಕಲ್ಲು ಸುಮಾರು ಕ್ರಿ.ಶ. 950ರದು. ತಮಿಳುನಾಡಿನ ತಕ್ಕೋಲದಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಮಡಿದ ಕಾಳಗದ ಸುದ್ದಿ ಇದರಲ್ಲಿದೆ. ಇತಿಹಾಸಕಾರರು ಮೊದಲು ಹುಡುಕಿದ್ದೂ ಅದನ್ನೇ. ಆದರೆ ಕಲ್ಲಿನ ಮುಂದೆ ನಿಂತರೆ ಮೊದಲು ಕಣ್ಣಿಗೆ ಬೀಳುವುದು ರಾಜನಲ್ಲ, ಹಂದಿಯ ಮೇಲೆ ಎರಗಿದ ನಾಯಿ! ಗಂಗರ ಅರಸ ಬೂತುಗನಿಂದ ಅವನ ಯೋಧ ಮಣಲೇರ ಬೇಡಿ ಪಡೆದ ‘ಕಾಳಿ’ ಅದು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಉಂಡರೆ ಗೊರವನಿಗೆ (ಶೈವ ಪೂಜಾರಿಗೆ) ಪಾಪ ಎಂಬ ಕಟ್ಟಳೆಯೂ ಸೇರಿತು.

ಅಚ್ಚಿನಲ್ಲಿ ಇದೆಲ್ಲ ಒಂದರ ಕೆಳಗೊಂದು ಸಾಲು, ಅಷ್ಟೆ. ಅಕ್ಷರ ಚಿತ್ರವನ್ನು ಹೇಗೆ ಸುತ್ತುವರಿದಿದೆ, ಯಾವ ಮಾತು ಆಮೇಲೆ ಸೇರಿದ್ದಿರಬಹುದು ಎಂಬುದನ್ನು ಕಲ್ಲೇ ಹೇಳಬೇಕು. ಓದಿನಲ್ಲಿ ಅನುಮಾನ ಬಂದರೆ ಹಿಂತಿರುಗಿ ನೋಡಲು ಇರುವುದೂ ಅದೇ. ಸಂಪುಟ ಸಿದ್ಧಪಡಿಸಿದವರೂ ಮನುಷ್ಯರೇ ತಾನೆ? ಸವೆದ ಅಕ್ಷರವನ್ನು ಒಬ್ಬರು ಒಂದು ರೀತಿ ಓದಿದರೆ ಇನ್ನೊಬ್ಬರು ಇನ್ನೊಂದು ರೀತಿ ಓದುತ್ತಾರೆ.