ಗುಡ್ಡದ ನಕ್ಷೆಯನ್ನು ಬಿಡಿಸುವ ಮುನ್ನ

ಪ್ರಶ್ನೆ: ನಾನು ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ತಜ್ಞರನ್ನು ಕರೆಸಿ ಭೂಕುಸಿತದ ಅಪಾಯ ಕುರಿತು ಸಭೆ ನಡೆಸಿದೆವು. ನಕ್ಷೆ ತೋರಿಸಿದ ಹತ್ತೇ ನಿಮಿಷದಲ್ಲಿ ಗಲಾಟೆಯಾಗಿ ಅರ್ಧದಷ್ಟು ಜನ ಎದ್ದು ಹೋದರು. ವಿಜ್ಞಾನದ ವಿಷಯಗಳನ್ನು ಜನರೊಂದಿಗೆ ಚರ್ಚಿಸುವ ಬಗೆಯನ್ನು ಪಂಚಾಯಿತಿ ಸದಸ್ಯರಿಗೂ ತಾಲ್ಲೂಕು ಮಟ್ಟದ ಅಧಿಕಾರಿಗಳಿಗೂ ಕಲಿಸುವ ತರಬೇತಿಯೊಂದನ್ನು ಈ ಬಾರಿ ಏರ್ಪಡಿಸಬೇಕೆಂದಿದ್ದೇವೆ. ಒಂದು ದಿನದ ಕಾರ್ಯಾಗಾರ ಸಾಕೇ? ಅದರಲ್ಲಿ ಏನಿರಬೇಕು?

ಉತ್ತರ: ಎದ್ದು ಹೋದವರಿಗೆ ವಿಷಯ ಅರ್ಥವಾಗಲಿಲ್ಲವೆಂದು ತಿಳಿದು ತರಬೇತಿಯನ್ನು ರೂಪಿಸಿದರೆ, ನಿಮ್ಮ ಅಧಿಕಾರಿಗಳು ಇನ್ನಷ್ಟು ಚೆನ್ನಾಗಿ ಭಾಷಣ ಮಾಡಲು ಕಲಿಯುತ್ತಾರೆ, ಮುಂದಿನ ಸಭೆಯಿಂದಲೂ ಜನ ಎದ್ದು ಹೋಗುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನೂ ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಆದದ್ದನ್ನೂ ಕಂಡ ಜನಕ್ಕೆ ಭೂಕುಸಿತವೆಂದರೇನು ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ: ನನ್ನ ಮನೆ ನಕ್ಷೆಯಲ್ಲಿ ಅಪಾಯ ಸೂಚಿಸುವ ಕೆಂಪು ಬಣ್ಣದೊಳಗೆ ಬಿದ್ದಿದೆಯೇ, ಬಿದ್ದಿದ್ದರೆ ನನ್ನನ್ನು ಇಲ್ಲಿಂದ ಎಬ್ಬಿಸುತ್ತೀರಾ, ಎಬ್ಬಿಸಿದರೆ ತೋಟದ ಗತಿಯೇನು?

ಇದಕ್ಕೆ ಆ ನಕ್ಷೆಯಲ್ಲಿ ಉತ್ತರವಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ದೇಶಮಟ್ಟದಲ್ಲಿ ತಯಾರಿಸಿರುವ ಭೂಕುಸಿತ ಸಂಭಾವ್ಯತೆಯ ನಕ್ಷೆಗಳು 1:50,000 ಪ್ರಮಾಣದವು. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಪೆನ್ನಿನಿಂದ ಒಂದು ಮಿಲಿಮೀಟರ್ ದಪ್ಪದ ಗೆರೆ ಎಳೆದರೂ ಅದು 50 ಮೀಟರ್ ಅಗಲದ ನೆಲವನ್ನು ಮುಚ್ಚಿಬಿಡುತ್ತದೆ. ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ), ಅಂಗಳಕ್ಕಾಗಿ ಕಡಿದ ಮಣ್ಣು, ದಾರಿ ತಪ್ಪಿಸಿದ ತೋಡು ಯಾವುದೂ ಅದರಲ್ಲಿ ಕಾಣುವುದಿಲ್ಲ. ಎಲ್ಲಿ ಮೊದಲು ಪರಿಶೀಲನೆ ಆಗಬೇಕೆಂದು ಜಿಲ್ಲಾಡಳಿತ ಗೊತ್ತುಮಾಡಿಕೊಳ್ಳಲು ಅದು ಬಹಳ ಉಪಯುಕ್ತ, ಒಂದು ಮನೆಯ ಹಣೆಬರಹ ಹೇಳಲು ಮಾತ್ರ ಅಲ್ಲ. ಈ ವ್ಯತ್ಯಾಸವನ್ನು ಗ್ರಾಮಸಭೆಯಲ್ಲಿ ತಡವರಿಸದೆ, ಮುಚ್ಚಿಡದೆ ಹೇಳಬಲ್ಲ ಅಧಿಕಾರಿಯನ್ನು ಸಿದ್ಧಪಡಿಸುವುದೇ ನಿಮ್ಮ ತರಬೇತಿಯ ಮೊದಲ ಪಾಠವಾಗಲಿ.

ಜನರಿಗೆ ತಿಳಿವಳಿಕೆ ಕಡಿಮೆ, ಅದನ್ನು ತುಂಬಿದರೆ ಒಪ್ಪುತ್ತಾರೆ ಎಂಬ ನಂಬಿಕೆ ನಮ್ಮಲ್ಲಷ್ಟೇ ಇದ್ದದ್ದಲ್ಲ. ಬ್ರಿಟನ್ನಿನಲ್ಲಿ ರಾಯಲ್ ಸೊಸೈಟಿಯ 1985ರ ವರದಿ ಹೆಚ್ಚುಕಡಿಮೆ ಇದೇ ದಾರಿಯಲ್ಲಿತ್ತು. 2000ದಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯ ಸಮಿತಿ, ಹೇಳುವುದಕ್ಕಿಂತ ಮಾತುಕತೆ ಮುಖ್ಯವೆಂಬ ನಿಲುವಿಗೆ ಬಂದಿತು. ನಡುವೆ ಇಂಗ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಕಂಬ್ರಿಯಾದ ಕುರಿಗಾರರ ಪ್ರಸಂಗ ನಡೆದಿತ್ತು. 1986ರಲ್ಲಿ ಚೆರ್ನೋಬಿಲ್‌ ಅಣುಸ್ಥಾವರ ದುರಂತದ ವಿಕಿರಣ ಧೂಳು ಮಳೆಯೊಂದಿಗೆ ಅಲ್ಲಿನ ಗುಡ್ಡಗಳ ಮೇಲೆ ಬಿದ್ದಾಗ, ಕುರಿ ಮಾರಾಟಕ್ಕೆ ಮೂರು ವಾರಗಳ ತಡೆ ಸಾಕೆಂದು ಸರ್ಕಾರ ಮೊದಲು ಪ್ರಕಟಿಸಿತು. ಆ ಲೆಕ್ಕ ಜೇಡಿಮಣ್ಣಿಗೆ ಸರಿಹೊಂದುವಂಥದ್ದು, ಗುಡ್ಡದ ಹುಳಿಮಣ್ಣಿಗೆ ಹೊಂದುವಂಥದ್ದಲ್ಲ. ಕೊನೆಯ ಕೆಲವು ಜಮೀನುಗಳ ಮೇಲಿನ ನಿರ್ಬಂಧ ತೆರವಾದದ್ದು 2012ರಲ್ಲಿ. ಬಯಲು ಗುಡ್ಡದಲ್ಲಿ ಮೇಯುವ ಕುರಿಗಳನ್ನು ಬೇಲಿಯೊಳಗೆ ಕೂಡಿಹಾಕಿದರೆ ಅವು ಸೊರಗುತ್ತವೆಂದು ರೈತರು ಹೇಳಿದ್ದನ್ನು ಕೇಳದೆ ನಡೆಸಿದ ಪ್ರಯೋಗವೂ ಅರ್ಧಕ್ಕೆ ನಿಂತಿತು. ಸಮಾಜಶಾಸ್ತ್ರಜ್ಞ ಬ್ರಯಾನ್ ವಿನ್ ಇದನ್ನು ಬಹುಕಾಲ ಅಧ್ಯಯನ ಮಾಡಿದರು. ನಿಮ್ಮ ತರಬೇತಿಯಲ್ಲಿ ಈ ಪ್ರಸಂಗಕ್ಕೆ ಒಂದು ಗಂಟೆ ಮೀಸಲಿಡಿ.

ಕುರಿಗಾರರಿಗೆ ಮಣ್ಣು ಹೇಗೋ ನಮ್ಮ ಬೆಳೆಗಾರರಿಗೆ ಮಳೆ ಹಾಗೆ. ಕೊಡಗಿನ ಎಷ್ಟೋ ತೋಟಗಳಲ್ಲಿ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಎಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಹಿಂದೊಮ್ಮೆ ನಾನು ಹಾಜರಿದ್ದ ಸಭೆಯೊಂದರಲ್ಲಿ ಹಿರಿಯ ಬೆಳೆಗಾರರೊಬ್ಬರು ಕಂದುಬಣ್ಣಕ್ಕೆ ತಿರುಗಿದ್ದ ಅಂಥ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಎದ್ದು ನಿಂತರು. ವೇದಿಕೆಯ ಮೇಲಿದ್ದವರು, ಪ್ರಶ್ನೆಗಳು ಕೊನೆಯಲ್ಲಿ ಎಂದು ಅವರನ್ನು ಕೂರಿಸಿದರು. ಆ ಕೊನೆ ಬರಲೇ ಇಲ್ಲ, ಪುಸ್ತಕ ಮತ್ತೆ ಚೀಲ ಸೇರಿತು. ಅಂದು ಸುಮ್ಮನಿದ್ದ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಹವಾಮಾನ ಇಲಾಖೆ 24 ಗಂಟೆಗಳಲ್ಲಿ 204.4 ಮಿಲಿಮೀಟರ್ ಮೀರಿದ ಮಳೆಯನ್ನು ಅತ್ಯಂತ ಭಾರಿ ಎಂದು ವರ್ಗೀಕರಿಸುತ್ತದೆ. ಈ ಅಂಕಿ ಕೇಳುವವರ ಕಿವಿಯಲ್ಲಿ ನಿಲ್ಲದು. ಒಂದು ದಿನಕ್ಕೆ ಎಂಟು ಇಂಚು ಎಂದು ನೋಡಿ, ಅಂಥ ಮಳೆ ಯಾವ ವರ್ಷ ಬಂದಿತ್ತು, ಆಗ ಯಾವ ಬರೆ ಜಾರಿತು, ಯಾವ ಒರತೆ ಕೆಂಪಾಯಿತು ಎಂದು ಅವರೇ ನಿಮಗೆ ತಿಳಿಸುತ್ತಾರೆ. ಆದ್ದರಿಂದ ಇಂಥ ಇಬ್ಬರು ಮೂವರನ್ನು ಸಭಿಕರ ಸಾಲಿನಲ್ಲಿ ಕೂರಿಸದೆ, ತರಬೇತಿಯ ಶಿಕ್ಷಕರಾಗಿಯೇ ಕರೆಯಿರಿ, ಅವರಿಗೂ ಗೌರವಧನ ಕೊಡಿ.

ಎರಡನೆಯ ಪಾಠ ಇದಕ್ಕಿಂತ ಕಷ್ಟದ್ದು. ಸಭೆ ಕರೆಯುವ ಮುನ್ನ, ಯಾವ ನಿರ್ಧಾರ ಇನ್ನೂ ಆಗಿಲ್ಲ ಎಂಬುದನ್ನು ಅಧಿಕಾರಿ ಒಂದು ವಾಕ್ಯದಲ್ಲಿ ಬರೆದುಕೊಳ್ಳಬೇಕು. ಬರೆಯಲು ಏನೂ ಇಲ್ಲದಿದ್ದರೆ, ಅದು ಮಾಹಿತಿ ನೀಡುವ ಸಭೆಯೆಂದು ಹೇಳಿಯೇ ಕರೆಯಬೇಕು, ಅಭಿಪ್ರಾಯ ಕೇಳುವ ನಾಟಕ ಆಡಬಾರದು. ಕುಲಾಂತರಿ ತಳಿಯಾದ ಬಿಟಿ ಬದನೆ ಕುರಿತು 2010ರ ಜನವರಿ ಮತ್ತು ಫೆಬ್ರುವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಬಹಿರಂಗ ಸಮಾಲೋಚನೆ ನಡೆಸಿ, ಫೆಬ್ರುವರಿ 9ರಂದು ಅದರ ಬೇಸಾಯಕ್ಕೆ ತಡೆ ಪ್ರಕಟಿಸಿದರು. ಆ ತೀರ್ಮಾನ ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಇದೆ. ಆದರೆ ಕೇಳುವಾಗ ನಿರ್ಧಾರ ನಿಜವಾಗಿಯೂ ತೆರೆದಿತ್ತು, ಕೇಳಿದ ಮೇಲೆ ಕಾರಣಗಳನ್ನು ಬರೆದು ಪ್ರಕಟಿಸಲಾಯಿತು. ಇದಕ್ಕೆ ಪ್ರತಿಯಾಗಿ ನಮ್ಮ ಪಶ್ಚಿಮ ಘಟ್ಟದ ಕಥೆ ನೋಡಿ. ಘಟ್ಟದ ಪರಿಸರ ರಕ್ಷಣೆ ಕುರಿತು ಕೇಂದ್ರ ನೇಮಿಸಿದ್ದ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಜನರ ಕೈಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅದನ್ನು ಪರಿಶೀಲಿಸಲು ನೇಮಿಸಿದ ಕಸ್ತೂರಿರಂಗನ್ ಸಮಿತಿಯ ವರದಿಯ ನಂತರ, ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಗಳು ಒಂದರ ಮೇಲೊಂದು ಬಂದವು. 2024ರ ಜುಲೈ 31ರ ಕರಡಿಗೆ ಆಕ್ಷೇಪ ಸಲ್ಲಿಸಲು ಕೊಟ್ಟ 60 ದಿನಗಳು ಶುರುವಾದದ್ದು ಕಕ್ಕಡ ಮಾಸದ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ, ಮನೆಯಿಂದ ಹೊರಬರುವುದೇ ಕಷ್ಟವಾದ ಹೊತ್ತಿನಲ್ಲಿ. ಹೀಗಿರುವಾಗ ನಕ್ಷೆ ಎಂಬ ಪದ ಕೇಳಿದೊಡನೆ ನಿಮ್ಮ ಊರಿನವರು ಬೆಚ್ಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಹಳೆಯ ಅನುಮಾನವನ್ನು ನಿಮ್ಮ ಅಧಿಕಾರಿಗಳು ಅರಿತುಕೊಂಡೇ ಸಭೆಗೆ ಬರಬೇಕು.

ಇನ್ನು ಒಂದು ದಿನ ಸಾಕೇ ಎಂದು ಕೇಳಿದ್ದೀರಿ. ಸಾಲದು. ಒಂದು ದಿನ ಸಭಾಂಗಣದಲ್ಲಿ, ಎರಡು ಮೂರು ವಾರ ಬಿಟ್ಟು ಇನ್ನೊಂದು ದಿನ ಗುಡ್ಡದ ಬುಡದಲ್ಲಿ ನಡೆಸಿ. ನಡುವಿನ ಅವಧಿಯಲ್ಲಿ ಪ್ರತಿಯೊಬ್ಬ ಶಿಬಿರಾರ್ಥಿಯೂ ಐದು ಮನೆಗಳಿಗೆ ಹೋಗಿ, ಏನನ್ನೂ ವಿವರಿಸದೆ ಕೇವಲ ಕೇಳಿ ಬರೆದುಕೊಂಡು ಬರಲಿ. ಆ ಐದರಲ್ಲಿ ಒಂದಾದರೂ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯಾಗಿರಲಿ. ಇಳಿಜಾರಿನ ಕೆಳಗೆ ಮಲಗುವವರಲ್ಲಿ ಅವರೂ ಇದ್ದಾರೆ, ಆದರೆ ಹನ್ನೊಂದು ಗಂಟೆಯ ಸಭೆಗೆ ಬಂದರೆ ಅವರ ಕೂಲಿ ಹೋಗುತ್ತದೆ. ಸಂಪನ್ಮೂಲ ವ್ಯಕ್ತಿಗಳಿಗಾಗಿ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯನ್ನೂ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯನ್ನೂ ಕೇಳಿಕೊಳ್ಳಿ; ವಿಷಯ ತಜ್ಞರು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಹತ್ತಿರವೇ ಇದ್ದಾರೆ. ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವ ಮುಂಚಿನ ಏಪ್ರಿಲ್ ಇದಕ್ಕೆ ತಕ್ಕ ಸಮಯ.

ಕೊನೆಯದಾಗಿ ಒಂದು ದಫ್ತರ ಇಡಿ. ಯಾರು ಏನು ಹೇಳಿದರು, ಯಾವುದನ್ನು ಒಪ್ಪಿದಿರಿ, ಒಪ್ಪದಿದ್ದರೆ ಯಾಕೆ ಎಂದು ಅದರಲ್ಲಿ ಬರೆದು, ಮುಂದಿನ ಗ್ರಾಮಸಭೆಯಲ್ಲಿ ಮೊದಲ ವಿಷಯವಾಗಿ ಓದಿ ಹೇಳಿ. ಹಾಗೆಯೇ ಜೂನ್‌ನಿಂದ ಪಂಚಾಯಿತಿ ಕಚೇರಿಯ ಗೋಡೆಯ ಹಲಗೆಯ ಮೇಲೆ ದಿನದ ಮಳೆಯನ್ನು ಇಂಚಿನಲ್ಲೂ ಮಿಲಿಮೀಟರಿನಲ್ಲೂ ಬರೆಯಿಸಿ. ಅಳೆದು ತಿಳಿಸುವ ಕೆಲಸವನ್ನು ಮಳೆಯ ಪುಸ್ತಕ ಇಟ್ಟಿರುವವರಿಗೇ ವಹಿಸಿ.